ನೆರೆಯವನು ಯಾರು? ಬಳ್ಳಿಗಾವಿ ಕಲ್ಲು, ಮಂಗಳೂರಿನ ಪ್ರೆಸ್ಸು ಮತ್ತು ಒಂದು ಹಳೇ ಕಥೆ

1/9

ಹೋದ ತಿಂಗಳು ಕ್ಲಾಸ್ ಮುಗಿದ ಮೇಲೆ ನಮ್ಮವರೇ ಒಬ್ಬರು ನನ್ನನ್ನ ಕೇಳಿದ್ರು: "ನಿಮ್ಮ ಚರ್ಚಲ್ಲಿ ಬೇರೆಯವರನ್ನೂ ಪ್ರೀತಿಸಿ ಅಂತ ಹೇಳ್ತಾರಲ್ಲ, ಆ ಪ್ರೀತಿ ಯಾಕೆ? ಕೊನೆಗೆ ನಮ್ಮನ್ನೂ ನಿಮ್ಮ ಥರ ಮಾಡ್ಕೊಳ್ಳೋಕೆ ತಾನೇ?"

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಲೂ ತಿಳ್ಕೊಳ್ಳೋಕೆ ಕೇಳಿದ್ದು. ಶಿಕಾರಿಪುರದಂಥ ಊರಲ್ಲಿ ಚರ್ಚಿಗೆ ಹೋಗೋ ಮನೆಗಳು ಕೆಲವೇ ಕೆಲವು. ಹಾಗಾಗಿ ಇಂಥ ಪ್ರಶ್ನೆಗೆ ಇಡೀ ಧರ್ಮದ ಪರವಾಗಿ ಉತ್ತರ ಕೊಡೋ ಕೆಲಸ ನನ್ನಂಥವರ ತಲೆ ಮೇಲೆ ಬೀಳುತ್ತೆ. ಬಿಕಾಂ ಓದೋರಿಗೆ ಇದು ಸಿಲಬಸ್‌ನಲ್ಲಿಲ್ಲ!

"ಹೌದು" ಅಂದ್ರೂ ಪೂರ್ತಿ ಸರಿಯಲ್ಲ, "ಅಲ್ಲ" ಅಂದ್ರೂ ಪೂರ್ತಿ ಸರಿಯಲ್ಲ. ಅದಕ್ಕೇ ಉತ್ತರವನ್ನ ಒಂಬತ್ತು ಪೋಸ್ಟಲ್ಲಿ ಬರೀತಿದೀನಿ. ಇದರಲ್ಲಿ ಮಂಗಳೂರು ಬರುತ್ತೆ, ಧಾರವಾಡ ಬರುತ್ತೆ, ಜರ್ಮನಿಯವರು ಬರ್ತಾರೆ. ಕೊನೆಗೆ ನಮ್ಮ ತಾಲ್ಲೂಕಿಗೇ ಬರ್ತೀವಿ, ಬಳ್ಳಿಗಾವಿಗೆ. ಮೊದಲ ಫೋಟೋದಲ್ಲಿರೋದು ಅಲ್ಲಿನ ಕೇದಾರೇಶ್ವರ ದೇವಸ್ಥಾನ. ಚರ್ಚಿನ ವಿಷಯಕ್ಕೆ ಶಿವನ ಗುಡಿ ಫೋಟೋ ಯಾಕೆ ಅಂತ ಕೇಳ್ಬೇಡಿ, ಎಂಟನೇ ಪೋಸ್ಟಿನ ತನಕ ಬನ್ನಿ.

2/9

ಮೊದಲು ಆ ಹಳೇ ಕಥೆ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿದೆ. ನಿಮ್ಮಲ್ಲಿ ಸುಮಾರು ಜನ ಕೇಳಿರ್ತೀರಿ, ಒಳ್ಳೆಯ ಸಮಾರ್ಯದವನ ಕಥೆ. ನನ್ನ ಮಾತಲ್ಲೇ ಹೇಳ್ತೀನಿ.

ಒಬ್ಬ ಕಾನೂನು ಪಂಡಿತ ಯೇಸುವನ್ನ ಕೇಳ್ತಾನೆ: ನೆರೆಯವನನ್ನ ಪ್ರೀತಿಸಬೇಕು ಅಂತಾರಲ್ಲ, ಈ ನೆರೆಯವನು ಅಂದ್ರೆ ಯಾರು? ಲಿಸ್ಟ್ ಎಲ್ಲಿಗೆ ನಿಲ್ಲುತ್ತೆ ಅನ್ನೋದು ಅವನ ಪ್ರಶ್ನೆ. ಯೇಸು ನೇರ ಉತ್ತರ ಕೊಡಲ್ಲ. ಯೆರೂಸಲೇಮಿನಿಂದ ಯೆರಿಕೋಗೆ ಹೋಗೋ ದಾರಿಯಲ್ಲಿ ಕಳ್ಳರು ಒಬ್ಬನನ್ನ ಹೊಡೆದು ಬಿಸಾಕಿ ಹೋಗ್ತಾರೆ. ಅವನದೇ ಧರ್ಮದ ಇಬ್ಬರು ದೊಡ್ಡವರು ನೋಡಿ ಪಕ್ಕಕ್ಕೆ ಸರಿದು ಹೋಗ್ತಾರೆ. ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಆಗಿಬರ್ತಿರ್ಲಿಲ್ಲ. ದೇವರನ್ನ ಯಾವ ಬೆಟ್ಟದ ಮೇಲೆ ಪೂಜಿಸಬೇಕು ಅನ್ನೋದ್ರಲ್ಲೇ ಜಗಳ. ಅಂಥವನು ನಿಂತು, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ, ಬಟ್ಟೆ ಕಟ್ಟಿ, ತನ್ನ ಪ್ರಾಣಿ ಮೇಲೆ ಕೂರಿಸಿ, ಛತ್ರಕ್ಕೆ ಕರ್ಕೊಂಡು ಹೋಗ್ತಾನೆ. ಮಾರನೇ ದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದ್ರೆ ವಾಪಸ್ ಬರೋವಾಗ ಕೊಡ್ತೀನಿ ಅಂತಾನೆ. (ಅಕೌಂಟ್ಸ್‌ನವರೇ, ಗಮನಿಸಿ. ಲಿಮಿಟ್ ಇಲ್ಲದ ಸಾಲದ ಖಾತೆ ಇದು. ಯಾವ ಬ್ಯಾಂಕೂ ಕೊಡಲ್ಲ.)

ಈ ಕಥೆಯಲ್ಲಿ ಎರಡು ವಿಷಯ ನಾನು ಭಾನುವಾರದ ಪ್ರಸಂಗಗಳಲ್ಲಿ ಕೇಳಿದ್ದು ಕಡಿಮೆ.

ಒಂದು: ಗಾಯಗೊಂಡವನು ಹುಷಾರಾದ ಮೇಲೆ ಸಮಾರ್ಯದವನ ಬೆಟ್ಟಕ್ಕೆ ಪೂಜೆಗೆ ಹೋದ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಹೋಗಬೇಕು ಅಂತ ಇವನು ಕೇಳಿದ್ದೂ ಇಲ್ಲ.

ಎರಡು: ಕೇಳ್ತಾ ಕೂತವರು ಯೆಹೂದ್ಯರು. ಅವರಿಗೆ "ನೀವು ಪಾಪ ಆ ಸಮಾರ್ಯದವರಿಗೆ ಸಹಾಯ ಮಾಡಿ" ಅಂತ ಹೇಳಿದ್ದಿದ್ರೆ ಸುಲಭವಾಗಿ ತಲೆ ಅಲ್ಲಾಡಿಸ್ತಿದ್ರು. ಯೇಸು ಹಾಗೆ ಹೇಳಲಿಲ್ಲ. ಕೇಳುಗರಂಥವನನ್ನ ಚರಂಡಿ ಪಕ್ಕ ಮಲಗಿಸಿ, ಬೇರೆಯವನ ಕೈಯಿಂದ ಬದುಕಿಸ್ತಾನೆ. ಅಂದ್ರೆ ಕೊಡೋ ಜಾಗದಲ್ಲಿ ನಾವಿಲ್ಲ. ತಗೊಳ್ಳೋ ಜಾಗದಲ್ಲಿದೀವಿ.

ಈ ಎರಡನೇ ವಿಷಯ ಇಟ್ಕೊಂಡು ಕರ್ನಾಟಕದ ಮಿಶನರಿಗಳ ಕಥೆ ಓದಿ ನೋಡಿ. ಬೇರೆ ಥರ ಕಾಣುತ್ತೆ.

3/9

1836. ಮಂಗಳೂರಿಗೆ ಹಡಗಿನಿಂದ ಒಬ್ಬ ಜರ್ಮನ್ ಯುವಕ ಇಳೀತಾರೆ. ಹೆರ್ಮನ್ ಮೋಗ್ಲಿಂಗ್, ಹುಟ್ಟಿದ್ದು 1811ರಲ್ಲಿ, ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಅಂದ್ರೆ ಆಗ ವಯಸ್ಸು 25, ನಮಗಿಂತ ಐದೇ ವರ್ಷ ದೊಡ್ಡವರು. ಕಳಿಸಿದ್ದು ಬಾಸೆಲ್ ಮಿಶನ್.

ಯಾಕೆ ಬಂದ್ರು? ಸುತ್ತಿ ಬಳಸಿ ಹೇಳೋದು ಬೇಡ. ಇಲ್ಲಿನ ಜನರನ್ನ ಕ್ರೈಸ್ತರನ್ನಾಗಿ ಮಾಡೋಕೆ ಬಂದ್ರು. ಅವರ ಮನಸ್ಸಲ್ಲಿ ತಾವೇ ಸಮಾರ್ಯದವರು, ದಾರಿ ಬದಿ ಬಿದ್ದಿರೋರು ನಾವು. ಆ ಕಾಲದ ಮಿಶನ್ ಬರಹಗಳಲ್ಲಿ ಇಲ್ಲಿನ ದೇವರುಗಳ ಬಗ್ಗೆ, ಆಚಾರದ ಬಗ್ಗೆ ಇರೋ ಮಾತುಗಳನ್ನ ಓದಿದ್ರೆ ಇವತ್ತು ನನಗೇ ಮುಜುಗರ ಆಗುತ್ತೆ.

ಆದ್ರೆ ಬಂದಿಳಿದ ಮೊದಲ ದಿನ ಯೋಚನೆ ಮಾಡಿ. ಕನ್ನಡ ಬರಲ್ಲ, ತುಳು ಬರಲ್ಲ, ಕೊಂಕಣಿ ಬರಲ್ಲ. ನೀರು ಕೇಳೋಕೂ ಇನ್ನೊಬ್ಬರು ಬೇಕು. ಯಾರು ಕಲಿಸಿದ್ರು? ಇಲ್ಲಿನ ಮುನ್ಷಿಗಳು, ಪಂಡಿತರು. ತಮ್ಮನ್ನ ಬದಲಾಯಿಸೋಕೆ ಬಂದವನಿಗೆ ತಮ್ಮದೇ ಭಾಷೆಯ ಅಕ್ಷರ ತಿದ್ದಿಸಿದವರು ಅವರು. ಸಂಬಳ ತಗೊಂಡಿದ್ರು ನಿಜ. ಆದ್ರೂ ಒಂದು ಭಾಷೆಯ ಹಾಡು, ಗಾದೆ, ಬೈಗುಳ, ಸಂಕೋಚ ಎಲ್ಲಾನೂ ಬರೀ ಸಂಬಳಕ್ಕೆ ಯಾರೂ ಕಲಿಸೋಕಾಗಲ್ಲ ಅಂತ ನನ್ನ ಅನಿಸಿಕೆ. ಟ್ಯೂಷನ್ ಹೇಳಿಕೊಟ್ಟು ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ.

ಹಾಗಾದ್ರೆ ದಾರಿ ಬದಿ ಬಿದ್ದಿದ್ದವನು ಯಾರು, ಎತ್ತಿದವನು ಯಾರು?

4/9

ಮುಂದೆ ಏನಾಯ್ತು ಅಂತ ನಿಮಗೆ ಅರ್ಧ ಗೊತ್ತು. ಜುಲೈ 1 ಪತ್ರಿಕಾ ದಿನ ಅಂತ ಆಚರಿಸ್ತೀವಲ್ಲ, ಅದು 1843ರ ಜುಲೈ 1ಕ್ಕೆ ಮೋಗ್ಲಿಂಗ್ ಹೊರಡಿಸಿದ "ಮಂಗಳೂರ ಸಮಾಚಾರ"ದ ನೆನಪಿಗೆ. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಊರ ಸುದ್ದಿ, ಸರ್ಕಾರದ ಹೊಸ ಕಾಯಿದೆ, ಕಥೆ, ಹಾಡು ಎಲ್ಲಾ ಇರ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಯ್ತು.

ನನಗೆ ಇದಕ್ಕಿಂತ ದೊಡ್ಡದು ಅನ್ಸೋದು ಅವರ "ಬಿಬ್ಲಿಯೋಥಿಕಾ ಕರ್ನಾಟಿಕ" ಪುಸ್ತಕಮಾಲೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅನ್ನೋರು ದುಡ್ಡು ಕೊಟ್ರು. ಜೈಮಿನಿ ಭಾರತ, ಬಸವ ಪುರಾಣ ಮುಂತಾದವು ತಾಳೆಗರಿಯಿಂದ ಅಚ್ಚಿಗೆ ಬಂದವು. 1850ರಲ್ಲಿ "ದಾಸರ ಪದಗಳು". 170ಕ್ಕೂ ಹೆಚ್ಚು ಪದಗಳು. ಅಲ್ಲಿಯ ತನಕ ಹರಿದಾಸರ ಹಾಡು ಇದ್ದಿದ್ದು ಬಾಯಲ್ಲಿ, ಮನೆಮನೆಯ ಕೈಬರಹದಲ್ಲಿ. ಅದನ್ನ ಪುಸ್ತಕ ಮಾಡಿದ್ದು ಒಬ್ಬ ಪಾದ್ರಿ.

ಈಗ ಸ್ವಲ್ಪ ನಿಂತು ನೋಡಿ. ಅದೇ ಬಾಸೆಲ್ ಮಿಶನ್ನಿನ ಪ್ರೆಸ್ಸಿನಿಂದ ವಿಗ್ರಹಾರಾಧನೆ ತಪ್ಪು ಅಂತ ವಾದಿಸೋ ಕರಪತ್ರಗಳೂ ಹೊರಡ್ತಿದ್ವು. ಕೃಷ್ಣನ ಹಾಡು ಒಂದು ಕಡೆ, ಕೃಷ್ಣ ದೇವರಲ್ಲ ಅನ್ನೋ ವಾದ ಇನ್ನೊಂದು ಕಡೆ. ಒಂದೇ ಊರು, ಒಂದೇ ಮಿಶನ್.

ಇದನ್ನ ಕಪಟ ಅಂತ ಒಂದೇ ಮಾತಲ್ಲಿ ತಳ್ಳಿ ಹಾಕೋರು ಇದಾರೆ. ಜನರನ್ನ ಬದಲಾಯಿಸೋಕೆ ಜನರ ಮನಸ್ಸು ತಿಳೀಬೇಕಿತ್ತು, ಅದಕ್ಕೇ ಅಚ್ಚು ಹಾಕಿದ್ರು ಅಂತ. ಶುರುವಿನಲ್ಲಿ ಹಾಗೇ ಇದ್ದಿರಬಹುದು, ಇರಲಿ. ಆದ್ರೆ ಎದುರಾಳಿಯನ್ನ ತಿಳ್ಕೊಳ್ಳೋಕೆ ಹತ್ತು ಹಾಡು ಸಾಕು. 170 ಹಾಡನ್ನ ಕೂಡಿಸಿ, ಪಾಠ ನೋಡಿ, ಕಲ್ಲಚ್ಚಿಗೆ ಕೈಯಲ್ಲಿ ಬರೆಸಿ, ಅಚ್ಚು ಹಾಕಿಸೋ ಮನುಷ್ಯನಿಗೆ ಎಲ್ಲೋ ಒಂದು ಕಡೆ ಆ ಹಾಡು ಹಿಡಿಸಿರಲೇಬೇಕು. ಹಿಡಿಸದೇ ಇದ್ರೆ ಅಷ್ಟು ಕೆಲಸ ಆಗಲ್ಲ.

5/9

ಇದು ಕಷ್ಟದ ಭಾಗ. ಬಿಟ್ಟು ಮುಂದೆ ಹೋದ್ರೆ ಪ್ರಶ್ನೆ ಕೇಳಿದವರಿಗೆ ಮೋಸ ಮಾಡಿದ ಹಾಗಾಗುತ್ತೆ.

1844, ಮಂಗಳೂರು. ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತಗೊಳ್ತಾರೆ. ಹುಟ್ಟಿದ್ದು 1825ರಲ್ಲಿ. ಲೆಕ್ಕ ಹಾಕಿ, ನಮಗಿಂತಲೂ ಚಿಕ್ಕವರು! ಊರಲ್ಲಿ ದೊಡ್ಡ ಗಲಾಟೆ ಆಯ್ತು. ಹೆಂಡತಿ ಜೊತೆಗೆ ಬರಲಿಲ್ಲ. ಮನೆ ಕಡೆಯ ಬಾಗಿಲು ಮುಚ್ಚಿತು. ಹೊಸ ಹೆಸರಿನ ಮುಂದೆ ಗುರುವಿನ ಹೆಸರು ಸೇರಿತು: ಹೆರ್ಮನ್ ಆನಂದರಾವ್ ಕೌಂಡಿನ್ಯ. ಬಾಸೆಲ್‌ಗೆ ಹೋಗಿ ಓದಿದ್ರು, 1851ರಲ್ಲಿ ಆ ಮಿಶನ್ನಿನ ಮೊದಲ ಭಾರತೀಯ ಪಾದ್ರಿಯಾದ್ರು. ವರ್ಷಗಳ ನಂತರ, 1860ರಲ್ಲಿ, ಜರ್ಮನಿಯ ಮಾರಿ ರೈನ್‌ಹಾರ್ಟ್ ಅನ್ನೋರನ್ನ ಮದುವೆಯಾದ್ರು.

ಈ ಕಥೆಯನ್ನ ಚರ್ಚಿನ ಪುಸ್ತಕದಲ್ಲಿ ಓದಿದ್ರೆ ಜಯದ ಕಥೆ. ಆ ಮನೆಯವರ ಕಡೆಯಿಂದ ಓದಿ ನೋಡಿ. ಮಗ ಬದುಕಿದಾನೆ, ಅದೇ ಊರಲ್ಲಿದಾನೆ, ಆದ್ರೆ ಮನೆಗೆ ಬರೋ ಹಾಗಿಲ್ಲ. ಆ ಮೊದಲ ಹೆಂಡತಿ? ಅವರ ಮಾತಲ್ಲಿ ಈ ಕಥೆ ಯಾರೂ ಬರೆದಿಟ್ಟಿಲ್ಲ.

ಕೌಂಡಿನ್ಯ ಬಲವಂತಕ್ಕೆ ಹೋದವರಲ್ಲ, ಅದನ್ನೂ ಹೇಳಲೇಬೇಕು. ಓದಿ, ವಾದ ಮಾಡಿ, ತಾವೇ ನಿರ್ಧಾರ ಮಾಡಿದವರು. ಆ ವಯಸ್ಸಿನವರಿಗೆ ತನ್ನ ನಂಬಿಕೆ ತಾನು ಆರಿಸಿಕೊಳ್ಳೋ ಹಕ್ಕಿಲ್ಲ ಅಂತ ನಾನಂತೂ ಹೇಳಲ್ಲ, ನೀವೂ ಹೇಳಲ್ಲ ಅನ್ಕೋತೀನಿ. ಆದ್ರೂ ನೋವು ನೋವೇ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಎರಡೂ ಎಂಟ್ರಿ ಬರೀಬೇಕು, ಒಂದು ಕಡೆ ಮಾತ್ರ ಬರೆದ್ರೆ ಟ್ಯಾಲಿ ಆಗಲ್ಲ.

ನನ್ನ ಫ್ರೆಂಡ್ ಪ್ರಶ್ನೆಯಲ್ಲಿದ್ದ ಭಯ ಇದೇ. ಗಾಳಿಯಿಂದ ಬಂದ ಭಯ ಅಲ್ಲ ಅದು.

6/9

ಈಗ ಫರ್ಡಿನೆಂಡ್ ಕಿಟ್ಟೆಲ್. ಹೆಸರು ಎಲ್ಲರಿಗೂ ಗೊತ್ತು, ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆ ಜೊತೆ ಸೆಲ್ಫಿ ತಗೊಂಡವರೂ ಇದೀರಿ.

1832ರಲ್ಲಿ ಜರ್ಮನಿಯ ಉತ್ತರದ ಈಸ್ಟ್ ಫ್ರೀಸ್‌ಲ್ಯಾಂಡ್‌ನಲ್ಲಿ ಹುಟ್ಟು. 1853ರಲ್ಲಿ ಬಾಸೆಲ್ ಮಿಶನ್ ಕಳಿಸಿದಾಗ ವಯಸ್ಸು 21. ಧಾರವಾಡದ ಕಡೆ ಕೆಲಸ. ಜನರ ಜೊತೆ ಬೆರೀಬೇಕಾದ್ರೆ ಜನರ ಥರ ಇರಬೇಕು ಅಂತ ಕುದುರೆ ಬಿಟ್ಟು ನಡೆದೇ ತಿರುಗ್ತಿದ್ರು ಅಂತ ಅವರ ಜೀವನ ಬರೆದವರು ಹೇಳ್ತಾರೆ. ಮಿಶನ್ನಿನ ಹಿರಿಯರಿಗೆ ಈ ನಡವಳಿಕೆ ಅಷ್ಟೇನೂ ಹಿಡಿಸಲಿಲ್ಲವಂತೆ. ಪ್ರಸಂಗಕ್ಕಿಂತ ಪುಸ್ತಕದ ಕಡೆಗೇ ಇವರ ಮನಸ್ಸು ಜಾಸ್ತಿ ವಾಲಿತು.

1862ರಲ್ಲಿ "ಕಥಾಮಾಲೆ" ಬರೆದ್ರು, ಯೇಸುವಿನ ಜೀವನ ಕನ್ನಡದ ಛಂದಸ್ಸಿನಲ್ಲಿ. ಇದು ಇನ್ನೂ ಕೊಡೋ ಕೈ. ಆಮೇಲೆ ಕೈ ತಿರುಗಿತು. 1872ರಲ್ಲಿ ಕೇಶಿರಾಜನ "ಶಬ್ದಮಣಿದರ್ಪಣ" ಸಂಪಾದಿಸಿದ್ರು. ಕೇಶಿರಾಜ 13ನೇ ಶತಮಾನದವನು, ಜೈನ. 1875ರಲ್ಲಿ ನಾಗವರ್ಮನ "ಛಂದೋಂಬುಧಿ". ಕೊನೆಗೆ 1894ರಲ್ಲಿ ಆ ನಿಘಂಟು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ.

ಲೈಬ್ರರಿಯಲ್ಲಿ ಸಿಕ್ಕಿದ್ರೆ ತೆಗೆದು ನೋಡಿ, ಮರುಮುದ್ರಣ ಸಿಗುತ್ತೆ. ಅದರಲ್ಲಿ ಬೈಬಲ್ಲಿನ ಪದ ಮಾತ್ರ ಇದ್ದಿದ್ರೆ ಆಶ್ಚರ್ಯ ಇರ್ಲಿಲ್ಲ. ಅಡುಗೆಮನೆ ಪದ, ಹೊಲದ ಪದ, ಮಕ್ಕಳ ಆಟದ ಪದ, ಹಳಗನ್ನಡ ಕಾವ್ಯದ ಪದ, ಗಾದೆಗಳ ರಾಶಿ. ಒಬ್ಬ ಪಾದ್ರಿಗೆ ಧರ್ಮ ಸಾರೋಕೆ ಇದೆಲ್ಲಾ ಬೇಕಾಗಿರ್ಲಿಲ್ಲ. ಇಲ್ಲಿನ ಪಂಡಿತರು ಪಕ್ಕದಲ್ಲಿ ಕೂತು ಹೇಳ್ತಾ ಹೋದ್ರು, ಇವರು ಬರೀತಾ ಹೋದ್ರು. ಜರ್ಮನಿಗೆ ವಾಪಸ್ ಹೋಗಿದ್ದವರು ಈ ಕೆಲಸಕ್ಕಾಗಿಯೇ ಮತ್ತೆ ಇಂಡಿಯಾಕ್ಕೆ ಬಂದ್ರು. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡ್ರು.

ಕಿಟ್ಟೆಲ್ ಅವರಿಂದ ಎಷ್ಟು ಜನ ಕ್ರೈಸ್ತರಾದ್ರು ಅನ್ನೋದು ಇವತ್ತು ಯಾರ ನೆನಪಲ್ಲೂ ಇಲ್ಲ. ಮಿಶನ್ನಿನ ಲೆಕ್ಕದಲ್ಲಿ ಅದು ನಷ್ಟವೋ ಏನೋ. ಕನ್ನಡದ ಲೆಕ್ಕದಲ್ಲಿ ಹೇಗೆ ಅಂತ ನಿಮಗೇ ಗೊತ್ತು.

7/9

ಇಲ್ಲಿಂದ ನಮ್ಮ ತಾಲ್ಲೂಕಿನ ದಾರಿ.

ಬೆಂಜಮಿನ್ ಲೂಯಿಸ್ ರೈಸ್, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಅಪ್ಪ ಬೆಂಜಮಿನ್ ಹೋಲ್ಟ್ ರೈಸ್, ಲಂಡನ್ ಮಿಶನರಿ ಸೊಸೈಟಿಯ ಪಾದ್ರಿ. ಬೆಂಗಳೂರಿನ ಅವೆನ್ಯೂ ರೋಡಿನ ಗದ್ದಲದ ಮಧ್ಯೆ ರೈಸ್ ಮೆಮೋರಿಯಲ್ ಚರ್ಚ್ ಇದೆ, ಅಪ್ಪನ ಹೆಸರಿನದು. ಮಗ ಪಾದ್ರಿ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಓದಿ ಬಂದು ಮೇಷ್ಟ್ರಾದ್ರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್. ಕುದುರೆ ಮೇಲೆ ಊರೂರು ಸುತ್ತೋ ಕೆಲಸ. ಹೋದಲ್ಲೆಲ್ಲಾ ಬರಹದ ಕಲ್ಲುಗಳು. ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ.

ಈ ಆ್ಯಪಿನಲ್ಲಿರೋ ನಮಗೆ ಇಷ್ಟ ಆಗೋ ಒಂದು ವಿಷಯ ಹೇಳ್ತೀನಿ. 1865ರಲ್ಲಿ ಮೇಜರ್ ಡಿಕ್ಸನ್ ಅನ್ನೋ ಅಧಿಕಾರಿ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದ್ರು. ಒಟ್ಟು 150. ಚಿತ್ರದುರ್ಗ, ಹರಿಹರದ ಜೊತೆ ನಮ್ಮ ಬಳ್ಳಿಗಾವಿ ಕಲ್ಲುಗಳೂ ಅದರಲ್ಲಿವೆ! ಗಾಜಿನ ಪ್ಲೇಟಿನ ಕಾಲ. ಆ ಫೋಟೋಗಳನ್ನ ಓದಿ ಇಂಗ್ಲಿಷಿಗೆ ತರೋ ಕೆಲಸ ರೈಸ್ ಅವರಿಗೆ ಬಂತು. ಅದೇ ಬೆಳೆದು 1879ರಲ್ಲಿ ಒಂದು ಪುಸ್ತಕ ಆಯ್ತು, ಆಮೇಲೆ "ಎಪಿಗ್ರಾಫಿಯಾ ಕರ್ನಾಟಿಕ" ಅನ್ನೋ ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಶಿಕಾರಿಪುರ ತಾಲ್ಲೂಕಿನದು 7ನೇ ಸಂಪುಟ, 1902. ಸೊರಬದ್ದು 8ನೇ ಸಂಪುಟ, 1904.

ಇದನ್ನ ಒಬ್ಬರೇ ಮಾಡಿದ್ದಲ್ಲ. ಹಳಗನ್ನಡ, ಸಂಸ್ಕೃತ ಬಲ್ಲ ಇಲ್ಲಿನ ಪಂಡಿತರು ಓದಿದ್ರು. ಆರ್. ನರಸಿಂಹಾಚಾರ್ 1899ರಲ್ಲಿ ಸಹಾಯಕರಾಗಿ ಸೇರಿ, 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಜಾಗಕ್ಕೇ ಬಂದ್ರು. ಊರವರು ಕಲ್ಲು ತೋರಿಸದೇ ಇದ್ದಿದ್ರೆ ಅರ್ಧಕ್ಕರ್ಧ ಸಿಗ್ತಾನೂ ಇರ್ಲಿಲ್ಲ.

ರೈಸ್ ಅವರನ್ನ "ಶಾಸನ ಪಿತಾಮಹ" ಅಂತ ಕರೆಯೋರು ಕನ್ನಡಿಗರು. ಪಾದ್ರಿ ಮಗ ಶಿವನ ಗುಡಿಯ ಕಲ್ಲು, ಬಸದಿಯ ಕಲ್ಲು, ಬೌದ್ಧ ವಿಹಾರದ ಕಲ್ಲು ಓದ್ತಾ ತನ್ನ ಧರ್ಮ ಬಿಡಲಿಲ್ಲ. ಆ ಕಲ್ಲಿನವರನ್ನ ಬಿಡಿಸೋಕೂ ಹೋಗಲಿಲ್ಲ. ಸರ್ಕಾರಿ ನೌಕರ, ಪ್ರಸಂಗ ಮಾಡೋ ಹಾಗಿರಲಿಲ್ಲ ಅಂತ ನೀವು ಅನ್ನಬಹುದು. ಸರಿ. ಆದ್ರೆ ಒಂದೊಂದು ಸಾಲಿಗೂ ಅಷ್ಟು ಜತನ ಸರ್ಕಾರ ಹೇಳಿ ಮಾಡಿಸೋಕಾಗಲ್ಲ.

8/9

ಆ ಕಲ್ಲುಗಳಲ್ಲಿ ಏನಿದೆ?

ಬಳ್ಳಿಗಾವಿ ಅಂದ್ರೆ ಅಲ್ಲಮಪ್ರಭುವಿನ ಊರು ಅಂತ ಎಲ್ಲರಿಗೂ ಗೊತ್ತು, ಪಕ್ಕದ ಉಡುತಡಿ ಅಕ್ಕಮಹಾದೇವಿಯದು ಅಂತಾನೂ ಗೊತ್ತು. ಅವರಿಗಿಂತ ಮೊದಲು ಈ ಊರು ಬನವಾಸಿ ನಾಡಿನ ದೊಡ್ಡ ಪಟ್ಟಣ. ಚಾಲುಕ್ಯರ ಕಾಲ. ಭೇರುಂಡನ ಕಂಬ ನೋಡಿರ್ತೀರಿ, ಅದು 1047ರದು.

1036ರ ಒಂದು ಶಾಸನ ಪಂಚಲಿಂಗ ದೇವಸ್ಥಾನಕ್ಕೆ ಸಂಬಂಧಪಟ್ಟದ್ದು. ಲಕುಲೀಶ್ವರ ಪಂಡಿತರು ಅನ್ನೋ ಕಾಳಾಮುಖ ಶೈವ ಗುರುವಿಗೆ ಕೊಟ್ಟ ದತ್ತಿ. ಅದರಲ್ಲಿ ಅವರನ್ನ ಹೊಗಳೋ ಬಿರುದುಗಳನ್ನ ನೋಡ್ಬೇಕು ನೀವು. ವಾದದಲ್ಲಿ ಬೌದ್ಧರನ್ನ, ಜೈನರನ್ನ, ಲೋಕಾಯತರನ್ನ ಸುಟ್ಟು ಬೂದಿ ಮಾಡೋ ಬೆಂಕಿ ಇದ್ದ ಹಾಗೆ ಅನ್ನೋ ಅರ್ಥದವು. ಅಂದ್ರೆ ನಮ್ಮೂರಿನವರು ಎಲ್ಲರೂ ಕೈ ಹಿಡ್ಕೊಂಡು ಹಾಡ್ತಾ ಕೂತಿರ್ಲಿಲ್ಲ. ಖಾರವಾಗಿ ಜಗಳ ಆಡ್ತಿದ್ರು.

1065. ಅದೇ ಊರಲ್ಲಿ ರೂಪಭಟ್ಟಯ್ಯ ಅನ್ನೋ ದಂಡನಾಯಕ ಜಯಂತಿ ಬೌದ್ಧ ವಿಹಾರ ಕಟ್ಟಿಸ್ತಾನೆ. ತಾರಾ ಭಗವತಿಯ ಪೂಜೆಗೆ ದತ್ತಿ. ಬೆಂಕಿ ಬಿದ್ದು ಬೂದಿಯಾಗಿದ್ದವರಿಗೆ ಹೊಸ ಮನೆ, ಮೂವತ್ತೇ ವರ್ಷದಲ್ಲಿ!

1129ರ ಶಾಸನ ಊರನ್ನ ಹೊಗಳುವಾಗ ಐದು ಮಠಗಳನ್ನ ಹೇಳುತ್ತೆ: ಹರಿಯದು, ಹರನದು, ಬ್ರಹ್ಮನದು, ಜಿನನದು, ಬುದ್ಧನದು. ಊರಿನ ಹೆಮ್ಮೆ ಅಂತಲೇ ಹೇಳೋದು, ದೂರು ಅಂತ ಅಲ್ಲ.

ಈಗ 1162. ಕಳಚುರಿ ಬಿಜ್ಜಳನ ಕಾಲ. ರೈಸ್ ಅವರ ಪಟ್ಟಿಯಲ್ಲಿ ಶಿಕಾರಿಪುರ 102ನೇ ಶಾಸನ. ಮೊದಲ ಫೋಟೋದ ಕೇದಾರೇಶ್ವರ ನೆನಪಿದೆಯಾ? ಆ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠದ ವರ್ಣನೆ ಇದರಲ್ಲಿದೆ. ಇವರೂ ಕಾಳಾಮುಖರೇ, ಆ ಬೆಂಕಿ ಬಿರುದಿನ ಪರಂಪರೆಯವರೇ.

ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಶಾಸನ ಉದ್ದಕ್ಕೆ ಹೇಳ್ತಾ ಹೋಗುತ್ತೆ. ನಾಲ್ಕೂ ವೇದ, ವ್ಯಾಕರಣ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಎಲ್ಲಾ ಪಾಠ. ದರ್ಶನಗಳ ಪಾಠದಲ್ಲಿ ಬೌದ್ಧ ದರ್ಶನವೂ ಇದೆ. ವಾದದಲ್ಲಿ ಸೋಲಿಸಬೇಕಾದವರ ಪುಸ್ತಕವನ್ನೇ ಮಠದಲ್ಲಿ ಕೂತು ಓದಿಸ್ತಿದ್ರು. (ಮಂಗಳೂರಿನ ಪ್ರೆಸ್ ನೆನಪಾಗಲಿಲ್ವಾ?)

ಆಮೇಲೆ ಊಟದ ಪಟ್ಟಿ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳೋರು, ಹಾಡೋರು, ವಾದ್ಯದವರು, ಕುಣಿಯೋರು. ಬೇರೆ ಬೇರೆ ಪಂಥದ ಸನ್ಯಾಸಿಗಳು, ಒಂದು ದಂಡದವರು, ಮೂರು ದಂಡದವರು. ಮತ್ತೆ ಕ್ಷಪಣಕರು, ಅಂದ್ರೆ ಜೈನ ಸನ್ಯಾಸಿಗಳು. ಎಲ್ಲಾ ದೇಶಗಳಿಂದ ಬರೋ ಭಿಕ್ಷುಕರು. ಇವರೆಲ್ಲರಿಗೂ ಅನ್ನ. ಅದಾದ ಮೇಲೆ, ದಿಕ್ಕಿಲ್ಲದ ರೋಗಿಗಳನ್ನ ಇಟ್ಕೊಂಡು ಔಷಧ ಮಾಡೋ ಜಾಗ. ಕೊನೆಗೆ, ಎಲ್ಲಾ ಜೀವಿಗಳಿಗೂ ಭಯ ಇಲ್ಲದ ಜಾಗ.

ನಾನು ಇದನ್ನ ಮೊದಲ ಸಲ ಓದಿದಾಗ ತಲೆಗೆ ಬಂದಿದ್ದು ಯೆರಿಕೋ ದಾರಿಯ ಆ ಛತ್ರ. ಗಾಯಗೊಂಡವನನ್ನ ಯಾವ ಧರ್ಮ ಅಂತ ಕೇಳದೇ ಒಳಗೆ ಬಿಟ್ಟುಕೊಂಡ ಛತ್ರದವನು. ಕಥೆಯಲ್ಲಿ ಅವನಿಗೆ ಹೆಸರಿಲ್ಲ. ಬಳ್ಳಿಗಾವಿಯಲ್ಲಿ ಹೆಸರೂ ಇದೆ, ದತ್ತಿ ಬಿಟ್ಟ ಊರಿನ ಲೆಕ್ಕವೂ ಇದೆ. ಅಕೌಂಟ್ಸ್ ಓದೋರಿಗೆ ಶಾಸನ ಇಷ್ಟ ಆಗೋದೇ ಇದಕ್ಕೆ. ಬರೀ ಭಾವನೆ ಅಲ್ಲ, ಯಾರು ಕೊಟ್ಟರು, ಯಾರ ಕೈಗೆ ಕೊಟ್ಟರು, ಯಾತಕ್ಕೆ ಅಂತ ಸಾಕ್ಷಿ ಸಮೇತ ಬರೆದಿರ್ತಾರೆ.

ಇವರು ಕ್ರೈಸ್ತರಲ್ಲ. ಯೇಸುವಿನ ಹೆಸರು ಕೇಳಿದವರೂ ಅಲ್ಲ ಅನ್ಸುತ್ತೆ. ನನ್ನ ಬೈಬಲ್ಲಿನ ಕಥೆಯನ್ನ ನನಗೆ ಸರಿಯಾಗಿ ಬಿಡಿಸಿ ತೋರಿಸಿದ್ದು ಇವರ ಕಲ್ಲು. ಆ ಕಲ್ಲನ್ನ ಅಚ್ಚಿಗೆ ತಂದು ನನ್ನ ಕೈಗೆ ಮುಟ್ಟಿಸಿದ್ದು ಪಾದ್ರಿಯ ಮಗ. ಹಾಗಾಗಿ ಆ ಪ್ರಶ್ನೆಗೆ ನನ್ನ ಉತ್ತರ ಇದು: ಬದಲಾಯಿಸೋಕೆ ಅಂತಲೇ ಬಂದವರು ಇದ್ರು, ಅದರಿಂದ ಮನೆಗಳು ಮುರಿದದ್ದೂ ಇದೆ. ಆದ್ರೆ ನಮ್ಮ ನಡುವೆ ಉಳಿದ ಪ್ರೀತಿ ಅವರು ಕೊಟ್ಟಾಗ ಹುಟ್ಟಿದ್ದಲ್ಲ. ಕೂತು ಕಲಿತಾಗ ಹುಟ್ಟಿದ್ದು. ನಾನು ಹಿಡಿಯೋದು ಆ ದಾರಿ. ವಾದ ಬೇಕಾದ್ರೆ ಮಾಡೋಣ, ಕ್ಯಾಂಟೀನಲ್ಲಿ ಊಟ ಮಾಡ್ತಾನೇ ಮಾಡೋಣ. ನೀನು ನನ್ನ ಥರ ಆಗಬೇಕು ಅನ್ನೋ ಷರತ್ತು ನನ್ನ ಕಡೆಯಿಂದ ಇಲ್ಲ. ನನ್ನ ನಂಬಿಕೆ ನಾನು ಬಿಡಬೇಕು ಅನ್ನೋ ಷರತ್ತು ನಿನ್ನ ಕಡೆಯಿಂದಲೂ ಬೇಡ.

9/9

ಸೊರಬದ ಫಾಲೋವರ್ಸ್ ಬೇಜಾರು ಮಾಡ್ಕೊಬೇಡಿ, ನಿಮ್ಮದನ್ನ ಕೊನೆಗೆ ಇಟ್ಟಿದ್ದು ಬೇಕಂತಲೇ.

ಆನವಟ್ಟಿ ಪಕ್ಕದ ಕುಬಟೂರು. ಕೈಟಭೇಶ್ವರ ದೇವಸ್ಥಾನಕ್ಕೆ ಎಲ್ಲರೂ ಹೋಗಿರ್ತೀರಿ, ಪ್ರೀ ವೆಡ್ಡಿಂಗ್ ಶೂಟ್ ನೋಡಿರ್ತೀರಿ. ಹಿಂದೆ ಇದು ಕುಪ್ಪಟೂರು, ಬ್ರಾಹ್ಮಣರ ದೊಡ್ಡ ಅಗ್ರಹಾರ. 1077ರ ಶಾಸನ ಹೇಳೋ ಪ್ರಕಾರ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥನ ಬಸದಿ ಮಾಡಿಸ್ತಾಳೆ. ಅಗ್ರಹಾರದ ಮಧ್ಯೆ ಜೈನ ಬಸದಿ. ಇವತ್ತಾಗಿದ್ರೆ ಎಷ್ಟು ಅರ್ಜಿ ಬೀಳ್ತಿತ್ತೋ! ರಾಣಿ ಏನು ಮಾಡಿದಳು ಅಂದ್ರೆ, ಊರಿನ ಬ್ರಾಹ್ಮಣರನ್ನ ಕರೆಸಿ, ಸತ್ಕರಿಸಿ, ಅವರನ್ನೂ ಈ ಕೆಲಸದಲ್ಲಿ ಸೇರಿಸಿಕೊಂಡಳು. ಬಸದಿಗೆ ಹೆಸರಿಟ್ಟಿದ್ದು ಆ ಬ್ರಾಹ್ಮಣರೇ. ಇಟ್ಟ ಹೆಸರು: ಬ್ರಹ್ಮ ಜಿನಾಲಯ.

ರಾಣಿ ಜೈನ ಧರ್ಮ ಬಿಡಲಿಲ್ಲ, ಇವರು ವೇದ ಬಿಡಲಿಲ್ಲ. ಹೆಸರಲ್ಲಿ ಇಬ್ಬರೂ ಇದಾರೆ.

ನೋಡೋಕೆ ಹೋಗೋರಿಗೆ: ಶಿಕಾರಿಪುರದಿಂದ ಶಿರಾಳಕೊಪ್ಪದ ಬಸ್ ಹತ್ತಿ. ಬಳ್ಳಿಗಾವಿ ಅಲ್ಲಿಂದ ಹತ್ತಿರ, ಆಟೋ ಸಿಗುತ್ತೆ, ನಡೆದ್ರೂ ಆಗುತ್ತೆ. ತಾಳಗುಂದವೂ ಅದೇ ಕಡೆ, ಒಂದೇ ದಿನಕ್ಕೆ ಎರಡೂ ಆಗುತ್ತೆ. ಕುಬಟೂರಿಗೆ ಶಿರಾಳಕೊಪ್ಪದಿಂದ ಆನವಟ್ಟಿ ಬಸ್. ಭಾನುವಾರ ಚರ್ಚ್ ಮುಗಿಸ್ಕೊಂಡು ನಾನೂ ಬರ್ತೀನಿ, ಯಾರಾದ್ರೂ ಬರೋರಿದ್ರೆ ಮೆಸೇಜ್ ಮಾಡಿ. ಪ್ರಶ್ನೆ ಕೇಳಿದವರು ಆಗಲೇ ಬರ್ತೀನಿ ಅಂದಿದಾರೆ, ಬುತ್ತಿ ಅವರ ಮನೆಯಿಂದ.

ಒಂದು ವಿನಂತಿ. ಫೋಟೋದಲ್ಲಿ ಅಕ್ಷರ ಚೆನ್ನಾಗಿ ಕಾಣಲಿ ಅಂತ ಶಾಸನದ ಮೇಲೆ ಸೀಮೆಸುಣ್ಣ, ಹಿಟ್ಟು, ಪೌಡರ್ ಏನೂ ಉಜ್ಜಬೇಡಿ, ಕಲ್ಲು ಹಾಳಾಗುತ್ತೆ. ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲು ಬಿದ್ದಾಗ ಅಕ್ಷರ ತಾನಾಗೇ ಎದ್ದು ಕಾಣುತ್ತೆ.

#ಬಳ್ಳಿಗಾವಿ #ಕೋಡಿಯಮಠ #ಕುಬಟೂರು #ಶಿಕಾರಿಪುರ #ಸೊರಬ #ನಮ್ಮೂರಇತಿಹಾಸ